ಪಿಯಾನೋ ಕೀಗಳು ವಿಪರೀತ ಭಾರ: ಸೀಸ ಹಾಕಿಸುವುದೊಂದೇ ದಾರಿಯೇ?

ಬಸವನಗುಡಿ_ತಂದೆ

ಎಲ್ಲರಿಗೂ ನಮಸ್ಕಾರ. ಪಿಯಾನೋ ರಿಪೇರಿ ಬಲ್ಲವರು ದಯವಿಟ್ಟು ಸಲಹೆ ಕೊಡಿ.

ಮಗಳು ಐದನೇ ಗ್ರೇಡ್ ಪರೀಕ್ಷೆಗೆ ಓದುತ್ತಿದ್ದಾಳೆ. ಡಿಜಿಟಲ್ ಕೀಬೋರ್ಡಿನಲ್ಲಿ ಕಲಿತವಳು. ಕಳೆದ ವರ್ಷ ಬೆಂಗಳೂರಿನ ಒಬ್ಬ ವ್ಯಾಪಾರಿಯಿಂದ ಹಳೆಯ ಜಪಾನಿ ಬೇಬಿ ಗ್ರಾಂಡ್ (ತಂತಿಗಳು ಅಡ್ಡಲಾಗಿ ಮಲಗಿರುವ ಗ್ರಾಂಡ್ ಪಿಯಾನೋದ ಸಣ್ಣ ರೂಪ) ತಂದೆವು. ನಾದ ಮನೆ ತುಂಬುತ್ತದೆ, ಅದರಲ್ಲಿ ದೂರಿಲ್ಲ. ಆದರೆ ಕೀಗಳು ಬಹಳ ಭಾರ. ಅರ್ಧ ಗಂಟೆ ನುಡಿಸುವಷ್ಟರಲ್ಲಿ ಮುಂಗೈ ನೋಯುತ್ತದೆ ಎನ್ನುತ್ತಾಳೆ. ಮೆಲ್ಲಗೆ ನುಡಿಸಬೇಕಾದ ಕಡೆ ಕೆಲವು ಸ್ವರಗಳು ಹೊರಡುವುದೇ ಇಲ್ಲ, ಒತ್ತಿದ ಕೀ ಸದ್ದಿಲ್ಲದೆ ಕೆಳಗೆ ಹೋಗಿಬಿಡುತ್ತದೆ.

ಶ್ರುತಿ ಮಾಡಲು ಬಂದವರು ನೋಡಿ, "ಎಲ್ಲ ಕೀಗೂ ಸೀಸ ಹಾಕಿದರೆ ಹಗುರವಾಗುತ್ತದೆ, 88 ಕೀಯನ್ನೂ ಮಾಡಿಕೊಡುತ್ತೇನೆ" ಎಂದು ದೊಡ್ಡ ಮೊತ್ತವನ್ನೇ ಹೇಳಿದ್ದಾರೆ. ಕೀಯ ಪಕ್ಕದಲ್ಲಿ ತೂತು ಕೊರೆದು ಸೀಸದ ಬಿಲ್ಲೆ ಕೂರಿಸಬೇಕಂತೆ. ಕೊರೆದ ಮರ ಮತ್ತೆ ಮೊದಲಿನಂತಾಗುವುದಿಲ್ಲ, ಅದಕ್ಕೇ ಹಿಂಜರಿಕೆ. ಮೊದಲೇ ಭಾರವಾಗಿರುವುದಕ್ಕೆ ಇನ್ನಷ್ಟು ಭಾರ ಸೇರಿಸಿದರೆ ಹಗುರವಾಗುವುದು ಹೇಗೆ ಎಂಬುದೂ ನನಗೆ ಅರ್ಥವಾಗಿಲ್ಲ.

ಏಳುಸ್ವರ

ಧೈರ್ಯವಾಗಿ ಹಾಕಿಸಿ. ಗ್ರಾಂಡ್ ಪಿಯಾನೋ ಕೀಗಳಿಗೆ ಕಾರ್ಖಾನೆಯಲ್ಲೇ ಸೀಸ ಕೂರಿಸಿರುತ್ತಾರೆ, ಇದೇನು ಹೊಸ ವಿದ್ಯೆಯಲ್ಲ. ಕೀ ಎಂದರೆ ಬಾವಿಯ ಏತದ ಹಾಗೆ. ನಡುವೆ ಆನಿಕೆ, ಆಚೆ ತುದಿಯಲ್ಲಿ ತಂತಿಗೆ ಬಡಿಯುವ ಹ್ಯಾಮರಿನ ಹೊರೆ. ಬೆರಳಿರುವ ಕಡೆ ತೂಕ ಸೇರಿಸಿದರೆ ಆಚೆಯ ಹೊರೆ ಸಲೀಸಾಗಿ ಏಳುತ್ತದೆ.

ಪಿನ್ನು_ಇಕ್ಕಳ

ಏಳುಸ್ವರ ಅವರೇ, ವಿವರಣೆ ಸರಿ, ಸಲಹೆ ತಪ್ಪು. ಅಳತೆ ಮಾಡದೆ ಸೀಸ ಹಾಕುತ್ತೇನೆ ಎನ್ನುವವರ ಕೈಗೆ ಡ್ರಿಲ್ಲಿಂಗ್ ಯಂತ್ರ ಕೊಡಲೇಬಾರದು. ಈ ಕೆಲಸದಲ್ಲೇ ತಲೆ ನರೆತವನು ಹೇಳುತ್ತಿದ್ದೇನೆ.

ಕೀ ಭಾರವೆನಿಸಲು ಎರಡು ಬೇರೆ ಬೇರೆ ಕಾರಣಗಳಿರುತ್ತವೆ. ಒಂದು ನಿಜವಾದ ತೂಕ: ಹ್ಯಾಮರ್ ದಪ್ಪವಾಗಿದೆ, ಅಥವಾ ಸನ್ನೆಯ ಅನುಪಾತ ಕೆಟ್ಟಿದೆ. ಇನ್ನೊಂದು ಘರ್ಷಣೆ: ಕೀಲಿನ ಪಿನ್ನು ಬಿಗಿಯಾಗಿದೆ, ಅದರ ಸುತ್ತಲಿನ ಉಣ್ಣೆ ಬಟ್ಟೆ ಊದಿಕೊಂಡಿದೆ, ತೊಗಲು ಒಣಗಿದೆ. ಬೆರಳಿಗೆ ಎರಡೂ ಒಂದೇ ಥರ ಅನಿಸುತ್ತವೆ, ಚಿಕಿತ್ಸೆ ಮಾತ್ರ ಪೂರ್ತಿ ಬೇರೆ.

ಯಾವುದೆಂದು ತಿಳಿಯಲು ಹೀಗೆ ಮಾಡಿ. ಬಲಗಡೆಯ ಪೆಡಲನ್ನು ಪೂರ್ತಿ ತುಳಿದು ಹಿಡಿಯಿರಿ, ತಂತಿಯ ಸದ್ದು ಅಡಗಿಸುವ ಡ್ಯಾಂಪರಿನ ಭಾರ ಲೆಕ್ಕಕ್ಕೆ ಬರಬಾರದು. ಕೀಯ ಮುಂತುದಿಯಿಂದ ಸುಮಾರು 13 ಮಿಲಿಮೀಟರ್ ಒಳಗೆ ತೂಕ ಇಡುತ್ತಾ ಹೋಗಿ. ಕೀ ನಿಧಾನವಾಗಿ, ಎಲ್ಲೂ ತಡೆಯದೆ ಇಳಿದು, ಹ್ಯಾಮರು ತಂತಿಯ ಹತ್ತಿರ ಕಳಚಿಕೊಳ್ಳುವ ಹಂತದವರೆಗೆ ಹೋಗಬೇಕು. ಅದಕ್ಕೆ ಬೇಕಾದ ಕನಿಷ್ಠ ತೂಕ ಡೌನ್‌ವೇಟ್. ಆಮೇಲೆ ಕೀಯನ್ನು ಅದೇ ಹಂತಕ್ಕೆ ಇಳಿಸಿಟ್ಟು ನೋಡಿ, ಅದು ತಾನಾಗಿ ಎತ್ತಿಕೊಂಡು ಮೇಲೆ ಬರಬಲ್ಲ ಗರಿಷ್ಠ ತೂಕ ಅಪ್‌ವೇಟ್.

ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಬ್ಯಾಲೆನ್ಸ್ ತೂಕ. ಒಂದರಿಂದ ಇನ್ನೊಂದನ್ನು ಕಳೆದು ಅರ್ಧ ಮಾಡಿದರೆ ಘರ್ಷಣೆ. ಅಮೆರಿಕದ ಡೇವಿಡ್ ಸ್ಟಾನ್‌ವುಡ್ 1990ರ ದಶಕದಲ್ಲಿ ಈ ಲೆಕ್ಕವನ್ನು ಒಂದು ಶಾಸ್ತ್ರದಂತೆ ಬೆಳೆಸಿದರು. ಗ್ರಾಂಡಿನ ನಡುಭಾಗದಲ್ಲಿ ಡೌನ್‌ವೇಟ್ 48ರಿಂದ 52 ಗ್ರಾಂ ಆಸುಪಾಸು ಇರಬೇಕು, ಅಪ್‌ವೇಟ್ 20ಕ್ಕಿಂತ ಇಳಿಯಬಾರದು. ಬ್ಯಾಲೆನ್ಸ್ ತೂಕ 35ರಿಂದ 40, ಘರ್ಷಣೆ 10ರಿಂದ 15 ಇದ್ದರೆ ನೆಮ್ಮದಿ. ಮಂದ್ರದಲ್ಲಿ ಇದಕ್ಕಿಂತ ತುಸು ಹೆಚ್ಚು, ತಾರದಲ್ಲಿ ತುಸು ಕಡಿಮೆ.

ಮಂದ್ರ, ನಡು, ತಾರ, ಮೂರೂ ಕಡೆಯ ಒಂದೊಂದು ಬಿಳಿ ಕೀ ಅಳೆದು ಇಲ್ಲಿ ಹಾಕಿ, ಮುಂದೆ ಮಾತಾಡೋಣ.

ಬಸವನಗುಡಿ_ತಂದೆ

ತುಂಬಾ ಧನ್ಯವಾದಗಳು ಸರ್. ಸಣ್ಣ ತೂಕದ ಬಟ್ಟುಗಳು ಮನೆಯಲ್ಲಿಲ್ಲ. ಬೇರೆ ಏನಾದರೂ ಆಗುತ್ತದೆಯೇ?

ಏಳುಸ್ವರ

ಹತ್ತು ರೂಪಾಯಿ ನಾಣ್ಯ. ಒಂದಕ್ಕೆ ಸುಮಾರು 7.7 ಗ್ರಾಂ. ಏಳು ಸೇರಿಸಿದರೆ 54 ಗ್ರಾಂ ಆಯಿತು.

ಕಡಲತಡಿ

ನಾಣ್ಯವನ್ನು ಹಾಗೆ ಕಣ್ಣು ಮುಚ್ಚಿ ನಂಬಬೇಡಿ. ಮೊದಮೊದಲು ಬಂದ ಹತ್ತು ರೂಪಾಯಿ ನಾಣ್ಯಗಳು ಹಗುರ, ಈಗಿನವು ಭಾರ. ಪರಿಚಯದ ಬಂಗಾರದ ಅಂಗಡಿಗೆ ಹೋಗಿ ಅವರ ತಕ್ಕಡಿಯಲ್ಲಿ ತೂಗಿಸಿ, ಪ್ರತಿ ನಾಣ್ಯದ ಮೇಲೂ ಒಂದು ಚೂರು ಕಾಗದ ಅಂಟಿಸಿ ತೂಕ ಬರೆದುಕೊಳ್ಳಿ.

ನನ್ನದೂ ಒಂದು ಪ್ರಶ್ನೆ ಇಲ್ಲೇ ಕೇಳಿಬಿಡುತ್ತೇನೆ. ಮಂಗಳೂರಿನಲ್ಲಿ ನಮ್ಮದು ತಂತಿಗಳು ನೆಟ್ಟಗೆ ನಿಂತಿರುವ ಅಪ್‌ರೈಟ್ ಪಿಯಾನೋ. ಜೂನ್ ಬಂತೆಂದರೆ ಕೀಗಳು ಕೆಳಗೆ ಹೋದವು ಮೇಲೆ ಬರುವುದಿಲ್ಲ. ಬೇಸಿಗೆಯಲ್ಲಿ ತಾವಾಗಿಯೇ ಸರಿಯಾಗುತ್ತವೆ. ಇದಕ್ಕೂ ಇದೇ ಲೆಕ್ಕವೇ?

ಪಿನ್ನು_ಇಕ್ಕಳ

ನಾಣ್ಯಗಳನ್ನು ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಇಡಿ, ಡಬ್ಬಿಯ ತೂಕವನ್ನೂ ಸೇರಿಸಿಕೊಳ್ಳಿ. ಬರಿಯ ನಾಣ್ಯ ಪೇರಿಸಿದರೆ ಕೀ ಇಳಿಯುವಾಗ ಜಾರಿ ಬೀಳುತ್ತವೆ.

ಕಡಲತಡಿ ಅವರೇ, ನಿಮ್ಮದು ಬಹುಪಾಲು ತೇವದ ಕಥೆ, ಅದಕ್ಕೆ ಆಮೇಲೆ ಬರುತ್ತೇನೆ. ಅಪ್‌ರೈಟಿನ ಹ್ಯಾಮರು ನೆಟ್ಟಗೆ ನಿಂತಿರುತ್ತದೆ, ಮುಂದಕ್ಕೆ ಬಾಗಿ ತಂತಿಗೆ ಬಡಿಯುತ್ತದೆ. ಹಾಗಾಗಿ ಅದರ ತೂಕ ಗ್ರಾಂಡಿನಷ್ಟು ನೇರವಾಗಿ ಕೀ ಮೇಲೆ ಕೂರುವುದಿಲ್ಲ. ಅಲ್ಲಿ ಸ್ಪ್ರಿಂಗುಗಳದೂ ಪಾತ್ರವಿದೆ. ಗ್ರಾಂಡಿನ ಅಂಕಿಗಳನ್ನು ಅದಕ್ಕೆ ಹಾಗೆಯೇ ಹಚ್ಚಬೇಡಿ.

ಪಾಠದಮನೆ

ನಾನು ಪಿಯಾನೋ ಕಲಿಸುವವಳು. ರಿಪೇರಿ ಏನೇ ಆಗಲಿ, ಮಗುವಿಗೆ ನೋವಿದ್ದರೆ ಇವತ್ತೇ ಅಭ್ಯಾಸದ ಹೊತ್ತು ಇಳಿಸಿ. ಸ್ಟೂಲಿನ ಎತ್ತರ ನೋಡಿ, ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕು. ತಗ್ಗಿನಲ್ಲಿ ಕುಳಿತವರು ಭುಜ ಎತ್ತಿ, ಮಣಿಕಟ್ಟು ಮಡಿಸಿ ನುಡಿಸುತ್ತಾರೆ, ಎಂಥ ಹಗುರವಾದ ಪಿಯಾನೋ ಕೂಡ ಆಗ ಭಾರವೇ.

"ಭಾರವಾದ ಕೀಯಲ್ಲಿ ಅಭ್ಯಾಸ ಮಾಡಿದರೆ ಬೆರಳಿಗೆ ಬಲ ಬರುತ್ತದೆ" ಎಂದು ಯಾರಾದರೂ ಹೇಳಲು ಬರುವ ಮೊದಲೇ ಹೇಳುತ್ತೇನೆ: ನಂಬಬೇಡಿ. ಬಲಕ್ಕಾಗಿ ಒತ್ತುವ ಮಕ್ಕಳು ಕಲಿಯುವುದು ಬಿಗಿತವನ್ನು. ಆ ಬಿಗಿತ ಬಿಡಿಸಲು ಆಮೇಲೆ ನಾವು ಎಷ್ಟು ಪಾಡು ಪಡುತ್ತೇವೆ ಎಂಬುದು ನಮಗೇ ಗೊತ್ತು.

ಏಳುಸ್ವರ

ನಾನು ಅದನ್ನೇ ಹೇಳಲು ಬಂದಿದ್ದೆ. ನಮ್ಮ ಗುರುಗಳು ಭಾರವಾದ ಪಿಯಾನೋದಲ್ಲೇ ಕಲಿಸಿದರು. ಬೇರೆ ಯಾವ ಪಿಯಾನೋ ಮುಂದೆ ಕುಳಿತರೂ ನಮಗೆ ಅಂಜಿಕೆ ಇರಲಿಲ್ಲ.

ಪಾಠದಮನೆ

ಅಂಜಿಕೆ ಹೋಗಿದ್ದು ನಿಮ್ಮ ಗುರುಗಳ ಪಾಠದಿಂದ. ಅದರ ಯಶಸ್ಸನ್ನು ಕೆಟ್ಟ ಪಿನ್ನಿಗೆ ಯಾಕೆ ಕೊಡುತ್ತೀರಿ?

ಬಸವನಗುಡಿ_ತಂದೆ

ಅಳೆದೆ. ನಾಣ್ಯಗಳನ್ನು ಬಂಗಾರದ ಅಂಗಡಿಯಲ್ಲಿ ತೂಗಿಸಿಯೇ ಅಳೆದಿದ್ದೇನೆ.

ಮಂದ್ರದ ಸಿ ಸ್ವರ: ಡೌನ್‌ವೇಟ್ 64, ಅಪ್‌ವೇಟ್ 34.
ನಡುವಿನ ಸಿ: ಡೌನ್‌ವೇಟ್ 68, ಅಪ್‌ವೇಟ್ 18.
ತಾರದ ಸಿ: ಡೌನ್‌ವೇಟ್ 60, ಅಪ್‌ವೇಟ್ 16.

ನಡುವಿನ ಕೀ ಸರಾಗವಾಗಿ ಇಳಿಯುವುದಿಲ್ಲ. ಅರ್ಧಕ್ಕೆ ಹೋಗಿ ನಿಲ್ಲುತ್ತದೆ, ಕೆಳಗಿನ ಹಲಗೆಯನ್ನು ಬೆರಳಿನಿಂದ ತಟ್ಟಿದರೆ ಮತ್ತೆ ಹೊರಡುತ್ತದೆ.

ಪಿನ್ನು_ಇಕ್ಕಳ

ಬಹಳ ಚೆನ್ನಾಗಿ ಅಳೆದಿದ್ದೀರಿ. ತಟ್ಟಿದರೆ ಹೊರಡುತ್ತದೆ ಎಂದಿರಲ್ಲ, ಅದೇ ಘರ್ಷಣೆಯ ಗುರುತು. ಈಗ ಲೆಕ್ಕ ನೋಡಿ.

ನಡುವಿನ ಕೀ: 68 ಮತ್ತು 18. ಬ್ಯಾಲೆನ್ಸ್ 43, ಘರ್ಷಣೆ 25. ಬ್ಯಾಲೆನ್ಸ್ ತುಸು ಹೆಚ್ಚು ಅಷ್ಟೇ, ಘರ್ಷಣೆ ಇರಬೇಕಾದದ್ದರ ಎರಡರಷ್ಟು ಹತ್ತಿರ. ಇದಕ್ಕೆ ಸೀಸ ಹಾಕಿದರೆ ಏನಾಗುತ್ತದೆ? 15 ಗ್ರಾಂ ಇಳಿಸುವಷ್ಟು ಹಾಕಿದರು ಎನ್ನಿ. ಡೌನ್‌ವೇಟ್ 53 ಆಯಿತು, ಎಲ್ಲರಿಗೂ ಸಂತೋಷ. ಆದರೆ ಅಪ್‌ವೇಟ್ ಕೂಡ ಅಷ್ಟೇ ಇಳಿದು 3ಕ್ಕೆ ಬಂತು. ಒತ್ತಿದ ಕೀ ಮೇಲೆ ಬರಲು ಶಕ್ತಿಯೇ ಉಳಿಯಲಿಲ್ಲ. ಒಂದೇ ಸ್ವರವನ್ನು ಬೇಗಬೇಗ ನುಡಿಸಿದರೆ ಎರಡನೇ ಪೆಟ್ಟಿಗೆ ಸದ್ದಿಲ್ಲ. ಮೊದಲ ಮಳೆಗೇ ಕೀಗಳು ಕೆಳಗೆ ಅಂಟಿಕೊಂಡು ಕೂರುತ್ತವೆ.

ತಾರದ ಕೀ: ಬ್ಯಾಲೆನ್ಸ್ 38, ಘರ್ಷಣೆ 22. ಅದೇ ರೋಗ. ಪಿಯಾನೋದ ಬಲಭಾಗ ಕಿಟಕಿಯ ಕಡೆಗಿದೆಯೇ?

ಮಂದ್ರದ ಕೀ ಕಥೆ ಬೇರೆ: ಬ್ಯಾಲೆನ್ಸ್ 49, ಘರ್ಷಣೆ 15. ಅಲ್ಲಿ ಘರ್ಷಣೆ ಮಿತಿಯಲ್ಲಿದೆ, ತೂಕವೇ ಹೆಚ್ಚು. ಹ್ಯಾಮರುಗಳನ್ನು ಯಾರಾದರೂ ಬದಲಿಸಿದ್ದಾರೆಯೇ ನೋಡಿ.

ಬಸವನಗುಡಿ_ತಂದೆ

ಬಲಭಾಗ ಕಿಟಕಿಗೆ ಅಂಟಿದಂತೆಯೇ ಇದೆ! ಆಚೆಗೆ ಬಟ್ಟೆ ಒಗೆಯುವ ಕಲ್ಲು. ಹ್ಯಾಮರಿನ ಫೆಲ್ಟ್ ಒಳಗಿನ ಉಳಿದ ಸಾಮಾನಿಗಿಂತ ತೀರಾ ಬೆಳ್ಳಗಿದೆ, ಹೊಸದಾಗಿ ಕಾಣುತ್ತದೆ. ಆ್ಯಕ್ಷನ್ (ಹ್ಯಾಮರು ನಡೆಸುವ ಒಳಗಿನ ಯಂತ್ರ) ಹೊರಗೆಳೆದು ಚಿತ್ರ ತೆಗೆದು ಹಾಕಲೇ?

ಪಿನ್ನು_ಇಕ್ಕಳ

ಬೇಡ, ಬೇಡ! ಅಭ್ಯಾಸವಿಲ್ಲದೆ ಗ್ರಾಂಡಿನ ಆ್ಯಕ್ಷನ್ ಎಳೆಯಲು ಹೋಗಬೇಡಿ. ಎಳೆಯುವಾಗ ಬೆರಳು ತಾಗಿ ಒಂದು ಕೀ ಒತ್ತಿಕೊಂಡರೂ ಅದರ ಹ್ಯಾಮರು ಮೇಲೇಳುತ್ತದೆ, ಮೇಲಿನ ಅಡ್ಡ ಮರಕ್ಕೆ ಸಿಕ್ಕಿ ಕಡ್ಡಿ ಲಟ್ಟೆಂದು ಮುರಿಯುತ್ತದೆ. ಇದನ್ನು ಕಂಡ ಮನೆಗಳು ಬೇಕಾದಷ್ಟಿವೆ.

ಸದ್ಯಕ್ಕೆ ಪಿಯಾನೋವನ್ನು ಕಿಟಕಿಯಿಂದ ದೂರ ಸರಿಸಿ, ಒಳಗೋಡೆಯ ಕಡೆಗೆ.

ಜಡತ್ವ

ಯಂತ್ರಶಾಸ್ತ್ರ ಓದಿದವನಾಗಿ ಒಂದು ಮಾತು ಸೇರಿಸುತ್ತೇನೆ. ಇಲ್ಲಿಯವರೆಗೆ ಎಲ್ಲರೂ ನಿಂತ ತೂಕದ ಬಗ್ಗೆಯೇ ಹೇಳಿದ್ದೀರಿ. ನಾಣ್ಯ ಇಟ್ಟು ನಿಧಾನವಾಗಿ ಇಳಿಸುವಾಗ ಕಾಣುವುದು ಅಷ್ಟೇ. ನುಡಿಸುವಾಗ ಬೆರಳು ಎದುರಿಸುವುದು ಮುಖ್ಯವಾಗಿ ಜಡತ್ವವನ್ನು.

ಗ್ರಾಂಡಿನಲ್ಲಿ ಕೀಯ ಮುಂತುದಿಗಿಂತ ಹ್ಯಾಮರು ಸುಮಾರು ಐದೂವರೆ ಪಟ್ಟು ದೂರ ಚಲಿಸುತ್ತದೆ. ಆದ್ದರಿಂದ ಹ್ಯಾಮರಿನಲ್ಲಿ ಒಂದು ಗ್ರಾಂ ಹೆಚ್ಚಾದರೆ ಬೆರಳಿಗೆ ಐದೂವರೆ ಗ್ರಾಂ ಹೆಚ್ಚು. ಜಡತ್ವಕ್ಕೆ ಈ ಅನುಪಾತದ ವರ್ಗ ಹಿಡಿಯಬೇಕು: ಒಂದು ಗ್ರಾಮಿಗೆ ಸುಮಾರು 30. ಒಂಬತ್ತು ಗ್ರಾಮಿನ ಹ್ಯಾಮರು ಎಂದರೆ ಬೆರಳ ತುದಿಯಲ್ಲಿ 270 ಗ್ರಾಂ ಇಟ್ಟು ತಳ್ಳಿದಷ್ಟು.

ಸೀಸ ಹಾಕಿದರೆ ನಿಂತ ತೂಕ ಸರಿದೂಗುತ್ತದೆ, ಈ ಜಡತ್ವ ಒಂದಿಷ್ಟೂ ಕಡಿಮೆಯಾಗುವುದಿಲ್ಲ, ಸೀಸದ್ದೇ ಒಂದು ಪಾಲು ಮೇಲೆ ಸೇರುತ್ತದೆ. ಅಳತೆಯಲ್ಲಿ 50 ಗ್ರಾಂ ತೋರಿಸಿ, ವೇಗದ ಭಾಗ ಬಂದ ಕೂಡಲೇ ಕೈ ಸೋಲಿಸುವ ಪಿಯಾನೋಗಳು ಹುಟ್ಟುವುದು ಹೀಗೆ.

ಏಳುಸ್ವರ

ಹಾಗಾದರೆ ಕಾರ್ಖಾನೆಯವರು ಸೀಸ ಹಾಕುವುದೇ ತಪ್ಪು ಎನ್ನುತ್ತೀರಾ? ಮೊದಲು ಉತ್ತರ ಕೊಡಿ.

ಜಡತ್ವ

ಇಲ್ಲ. ಹಿತಮಿತವಾಗಿ ಹಾಕಿದರೆ ಸರಿ. ಎಲ್ಲಿ ಹಾಕುತ್ತಾರೆ ಎಂಬುದೂ ಮುಖ್ಯ. 14 ಗ್ರಾಮಿನ ಒಂದು ಬಿಲ್ಲೆಯನ್ನು ಕೀಯ ಮುಂತುದಿಗೇ ಇಟ್ಟರೆ 14 ಗ್ರಾಂ ಸರಿದೂಗಿಸುತ್ತದೆ, ಅಷ್ಟೇ ಜಡತ್ವವನ್ನೂ ಸೇರಿಸುತ್ತದೆ. ಅಂಥದೇ ಎರಡು ಬಿಲ್ಲೆಗಳನ್ನು ಆನಿಕೆಗೂ ತುದಿಗೂ ನಡುವೆ ಇಟ್ಟರೆ ಸರಿದೂಗಿಸುವುದು ಅದೇ 14 ಗ್ರಾಂ, ಸೇರುವ ಜಡತ್ವ 7 ಮಾತ್ರ. ಹ್ಯಾಮರಿನ 270ರ ಮುಂದೆ ಇವೆರಡೂ ಸಣ್ಣವೇ. ದೊಡ್ಡ ಕಳ್ಳ ಹ್ಯಾಮರು, ಅವನನ್ನು ಬಿಟ್ಟು ಸೀಸದ ಬಗ್ಗೆ ಜಗಳವಾಡಿ ಫಲವಿಲ್ಲ.

ಪಿನ್ನು_ಇಕ್ಕಳ

ಈ ಲೆಕ್ಕಕ್ಕೆ ನನ್ನ ಪೂರ್ಣ ಸಹಮತವಿದೆ. ಮಂದ್ರದಲ್ಲಿ ಹ್ಯಾಮರಿನ ತೂಕ ಇಳಿಸಬೇಕು. ಫೆಲ್ಟಿನ ಪಕ್ಕಗಳನ್ನು, ಒಳಗಿನ ಮರವನ್ನು, ಬಾಲವನ್ನು ನವಿರಾಗಿ ಕೆತ್ತಿ ಒಂದು ಗ್ರಾಂ ತೆಗೆದರೂ ಬೆರಳಿಗೆ ದೊಡ್ಡ ವ್ಯತ್ಯಾಸ. ಆದರೆ ಒಂದು ಹ್ಯಾಮರಿನಿಂದ ಮುಂದಿನದಕ್ಕೆ ತೂಕ ಮೆಟ್ಟಿಲು ಮೆಟ್ಟಿಲಾಗಿ, ಒಂದೇ ಇಳಿಜಾರಿನಲ್ಲಿ ಇಳಿಯಬೇಕು. ಕಣ್ಣಂದಾಜಿಗೆ ಕೆತ್ತಿದರೆ ಪಕ್ಕಪಕ್ಕದ ಕೀಗಳೇ ಬೇರೆ ಬೇರೆ ಭಾರವಾಗುತ್ತವೆ, ನಾದವೂ ಏರುಪೇರಾಗುತ್ತದೆ.

ಹುಬ್ಬಳ್ಳಿ_ಪೇಟಿ

ನಾವು ಹಾರ್ಮೋನಿಯಂ ಕಡೆಯವರು. ನಮ್ಮಲ್ಲಿ ಇದೆಲ್ಲ ಇಲ್ಲ. ಮನೆ, ಅಂದರೆ ಕೀ, ಬಿಗಿಯಾದರೆ ಅದರ ತಂತಿಯ ಸ್ಪ್ರಿಂಗನ್ನು ತುಸು ಬಾಗಿಸಿದರೆ ಆಯಿತು, ಹಗುರ. ಪಿಯಾನೋದಲ್ಲಿ ಸ್ಪ್ರಿಂಗ್ ಬಾಗಿಸಿದರೆ ಆಗುವುದಿಲ್ಲವೇ?

ಪಿನ್ನು_ಇಕ್ಕಳ

ಪೇಟಿಯಲ್ಲೂ ಅಷ್ಟು ಸುಲಭವಲ್ಲ ಎಂಬುದು ನಿಮಗೇ ಗೊತ್ತು. ಸ್ಪ್ರಿಂಗ್ ತೀರಾ ಸಡಿಲವಾದರೆ ತಿದಿ ಜೋರಾಗಿ ಒತ್ತಿದಾಗ ಗಾಳಿ ಮುಚ್ಚಳವನ್ನು ಎತ್ತಿ, ಮುಟ್ಟದ ಸ್ವರವೂ ಕೂಗುತ್ತದೆ.

ಗ್ರಾಂಡಿನ ಒಳಗೆ ಹ್ಯಾಮರನ್ನು ಮತ್ತೆ ಬೇಗ ಸಿದ್ಧಗೊಳಿಸುವ ಒಂದು ಸ್ಪ್ರಿಂಗ್ ಇದೆ. 1821ರಲ್ಲಿ ಪಿಯಾನೋ ತಯಾರಕ ಎರಾರ್ ಪೇಟೆಂಟ್ ಪಡೆದ ಡಬಲ್ ಎಸ್ಕೇಪ್‌ಮೆಂಟ್ ವ್ಯವಸ್ಥೆಯಿಂದ ಬಂದದ್ದು ಅದು. ಹಲವರು ಅದನ್ನೇ ಸಡಿಲಿಸಿ ಕೀ ಹಗುರ ಮಾಡಲು ನೋಡುತ್ತಾರೆ. ಅದು ಕೀ ಇಳಿಯುವ ದಾರಿಯ ಕೊನೆಯಲ್ಲಿ ಮಾತ್ರ ಬೆರಳಿಗೆ ತಗಲುತ್ತದೆ, ಡೌನ್‌ವೇಟ್‌ಗೂ ಅದಕ್ಕೂ ಸಂಬಂಧವಿಲ್ಲ. ಸಡಿಲಿಸಿದರೆ ಹಾಳಾಗುವುದು ಬೇಗಬೇಗ ನುಡಿಸುವ ಶಕ್ತಿ.

ಹುಬ್ಬಳ್ಳಿ_ಪೇಟಿ

ಮುಟ್ಟದ ಸ್ವರ ಕೂಗುವುದು ಹೌದು, ಭಜನೆಯ ನಡುವೆ ಹಾಗಾದರೆ ತಾಳದವರೆಲ್ಲ ತಿರುಗಿ ನೋಡುತ್ತಾರೆ. ಮುಚ್ಚಳದ ತೊಗಲು ಹೊಸದು ಹಾಕಿದ ಮೇಲೆ ಸ್ಪ್ರಿಂಗ್ ಮುಟ್ಟುವುದು ನಮ್ಮ ಪದ್ಧತಿ.

ಕಡಲತಡಿ

ಘರ್ಷಣೆಗೆ ಎಣ್ಣೆ ಬಿಟ್ಟರೆ? ನಮ್ಮ ಪಕ್ಕದ ಮನೆಯವರು ಹೊಲಿಗೆ ಯಂತ್ರದ ಎಣ್ಣೆ ತೊಟ್ಟು ತೊಟ್ಟು ಬಿಟ್ಟಿದ್ದರು, ಆ ವಾರ ಬಹಳ ಚೆನ್ನಾಗಿ ಓಡಿತು.

ಪಿನ್ನು_ಇಕ್ಕಳ

ಆ ವಾರ ಓಡುತ್ತದೆ, ಆ ವರ್ಷ ನಿಲ್ಲುತ್ತದೆ. ಪಿನ್ನಿನ ಸುತ್ತ ಇರುವುದು ಉಣ್ಣೆ ಬಟ್ಟೆ. ಎಣ್ಣೆ ಹೀರಿ ಊದುತ್ತದೆ, ಧೂಳು ಹಿಡಿಯುತ್ತದೆ, ಕೊನೆಗೆ ಅಂಟಾಗುತ್ತದೆ. ಜಿಡ್ಡು ಹಿತ್ತಾಳೆಯ ಜೊತೆ ಸೇರಿ ಹಸಿರು ಕಿಲುಬು ಕಟ್ಟುವುದೂ ಇದೆ. ಅಂಥ ಆ್ಯಕ್ಷನಿನ ಪಿನ್ನು, ಬಟ್ಟೆ ಎರಡನ್ನೂ ಕಿತ್ತು ಹೊಸದು ಹಾಕುವ ತನಕ ಬಿಡುಗಡೆಯಿಲ್ಲ. ಹೊಲಿಗೆ ಯಂತ್ರದ ಎಣ್ಣೆ, ಕೊಬ್ಬರಿ ಎಣ್ಣೆ, ಸ್ಪ್ರೇ ಡಬ್ಬಿ, ಯಾವುದೂ ಪಿಯಾನೋದ ಹತ್ತಿರ ಸುಳಿಯಬಾರದು.

ಸರಿಯಾದ ಕ್ರಮ ಇದು. ಕೀ ಕೂತಿರುವ ಪಿನ್ನುಗಳನ್ನು ಹೊಳಪು ಬರುವಂತೆ ಉಜ್ಜಬೇಕು, ಬಿಗಿಯಾದ ಬಟ್ಟೆಯನ್ನು ಅದಕ್ಕೆಂದೇ ಇರುವ ಇಕ್ಕಳದಿಂದ ಒತ್ತಿ ಹದ ಮಾಡಬೇಕು. ಆ್ಯಕ್ಷನ್ ಹೊರಗಿರುವಾಗ ಕೀಯ ಮುಂಭಾಗವನ್ನು ತುಸು ಎತ್ತಿ ಬಿಟ್ಟರೆ ತಾನಾಗಿ ಕೆಳಗೆ ಬೀಳಬೇಕು, ಹಾಗೆಂದು ಪಕ್ಕಕ್ಕೆ ಗಡಗಡ ಅಲ್ಲಾಡಬಾರದು. ಆಮೇಲೆ ಹ್ಯಾಮರಿನ ಕೀಲು. ಒಂದೊಂದನ್ನೂ ತೂಗಾಡಿಸಿ ಬಿಟ್ಟಾಗ ಐದಾರು ಸಲ ಓಲಾಡಿ ನಿಂತರೆ ಹದ. ಒಂದೆರಡಕ್ಕೇ ನಿಂತರೆ ಬಿಗಿ, ಹತ್ತು ದಾಟಿದರೆ ಸಡಿಲ. ಬಿಗಿಯಾದವುಗಳ ಪಿನ್ನು ಹೊರತೆಗೆದು, ತೂತನ್ನು ಹದ ಮಾಡಿ, ಹೊಸ ಪಿನ್ನು ಹಾಕುವುದು. ಸಾಮಾನ್ಯವಾಗಿ ಬಳಸುವ 20ನೇ ನಂಬರ್ ಪಿನ್ನು 1.27 ಮಿಲಿಮೀಟರ್. ಅರ್ಧ ನಂಬರ್ ಎಂದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಆದರೂ ಕೈಗೆ ಗೊತ್ತಾಗುತ್ತದೆ. ಕೊನೆಗೆ ಹ್ಯಾಮರಿನ ಕೆಳಗಿನ ತೊಗಲಿನ ಉರುಳೆಗೆ ಟೆಫ್ಲಾನ್ ಪುಡಿ ಸವರುವುದು.

ದೂರದೂರು

ಟೆಫ್ಲಾನ್ ಎಂದಿರಲ್ಲ, ನಾನಿರುವ ಅಮೆರಿಕದಲ್ಲಿ ಅದರದ್ದೇ ಒಂದು ಅಧ್ಯಾಯವಿದೆ. ಸ್ಟೈನ್‌ವೇ ಪಿಯಾನೋ ಕಂಪನಿಯ ನ್ಯೂಯಾರ್ಕ್ ಕಾರ್ಖಾನೆ 1962ರಲ್ಲಿ ಉಣ್ಣೆ ಬಟ್ಟೆ ಬಿಟ್ಟು ಕೀಲುಗಳಿಗೆ ಟೆಫ್ಲಾನ್ ಹಾಕಲು ಶುರು ಮಾಡಿತು. ತೇವ ಬಂದರೆ ಮರ ಊದುತ್ತದೆ, ಒಣಗಿದರೆ ಕುಗ್ಗುತ್ತದೆ, ಟೆಫ್ಲಾನ್ ಮಾತ್ರ ಅದರ ಜೊತೆ ಹೆಜ್ಜೆ ಹಾಕುವುದಿಲ್ಲ. ಹವೆ ಬದಲಾದಾಗ ಕೆಲವೆಡೆ ಕಟಕಟ ಸದ್ದು, ಕೆಲವೆಡೆ ಬಿಗಿತ. 1980ರ ದಶಕದ ಮೊದಲಲ್ಲಿ ಮತ್ತೆ ಬಟ್ಟೆಗೇ ಮರಳಿದರು. ಉಣ್ಣೆಯನ್ನು ಹಳೆಯ ಕಾಲದ್ದೆಂದು ಹಗುರವಾಗಿ ಕಾಣಬಾರದು.

ಮೈಸೂರಿಗ

ಹಗುರ ಕೀ ಎಂದರೆ ಪಿಯಾನೋ ವಾದಕ ಹೊರೊವಿಟ್ಜ್ ಅವರ ಸ್ಟೈನ್‌ವೇ. ಅದರ ಸ್ಪರ್ಶ ಅತಿ ಹಗುರವಾಗಿತ್ತು ಎಂದು ಪ್ರಸಿದ್ಧಿ. ಅಷ್ಟು ಹಗುರವಾದದ್ದನ್ನು ಹಿಡಿತದಲ್ಲಿಟ್ಟು ನುಡಿಸುವುದೂ ಒಂದು ಸಾಧನೆಯೇ.

ವಿಷಯ ಬಿಟ್ಟು ಹೋಗುತ್ತಿದ್ದೇನೆ, ಆದರೂ ಹೇಳಲೇಬೇಕು. ಪಿಯಾನೋ ಎಂದರೆ ನಮಗೆ ಪರಕೀಯ ಎನ್ನುವವರಿಗೆ ಜಯಚಾಮರಾಜೇಂದ್ರ ಒಡೆಯರ್ ನೆನಪಿರಲಿ. ಸ್ವತಃ ಪಿಯಾನೋ ಅಭ್ಯಾಸ ಮಾಡಿದವರು. ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ನಮ್ಮ ಮಹಾರಾಜರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾಂಚೆರ್ಟೋವನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದ್ದಾರೆ.

ಪಾಠದಮನೆ

ಈ ಸಂಗತಿಯನ್ನು ನಮ್ಮ ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ. ಮೈಸೂರಿಗರೇ, ಬರೆದದ್ದಕ್ಕೆ ಸಂತೋಷ.

ಭಾರದ ವಿಷಯದಲ್ಲಿ ಇನ್ನೊಂದಿದೆ. ನಾದ ಮಂಕಾಗಿರುವ ಪಿಯಾನೋ ಕೂಡ ಭಾರವೆನಿಸುತ್ತದೆ. ಬೇಕಾದಷ್ಟು ಸದ್ದು ಬಾರದಿದ್ದಾಗ ನಮಗೇ ಅರಿವಿಲ್ಲದೆ ಇನ್ನಷ್ಟು ಒತ್ತುತ್ತೇವೆ. ಅಳತೆಯಲ್ಲಿ ಎಲ್ಲವೂ ಸರಿಯಿದ್ದು ಭಾರ ಎನ್ನುವವರು ಹ್ಯಾಮರಿನ ಫೆಲ್ಟ್ ತೀರಾ ಮೆತ್ತಗಾಗಿದೆಯೇ ಎಂದು ನೋಡಿಸಲಿ.

ಏಳುಸ್ವರ

ಪೆಡಲ್ ತುಳಿಯದೆಯೂ ಒಮ್ಮೆ ಅಳೆಯಿರಿ. ಡ್ಯಾಂಪರುಗಳು ಬೇಗ ಏಳುತ್ತಿದ್ದರೆ ಅದೂ ಬೆರಳಿಗೆ ಬೀಳುತ್ತದೆ.

ಪಿನ್ನು_ಇಕ್ಕಳ

ಏಳುಸ್ವರ ಅವರ ಈ ಮಾತನ್ನು ಎಲ್ಲರೂ ಗಮನಿಸಿ. ಹ್ಯಾಮರು ಸುಮಾರು ಅರ್ಧ ದಾರಿ ಏರಿದ ಮೇಲೆ ಡ್ಯಾಂಪರು ಏಳಲು ಶುರುವಾಗಬೇಕು. ಕೀ ಮುಟ್ಟಿದ ಕೂಡಲೇ ಎದ್ದರೆ ಪೂರ್ತಿ ದಾರಿ ಅದರ ಹೊರೆಯನ್ನೂ ಬೆರಳೇ ಹೊರಬೇಕು. ಸರಿಪಡಿಸಲು ಒಂದು ಗ್ರಾಂ ಸೀಸವೂ ಬೇಡ.

ಬಸವನಗುಡಿ_ತಂದೆ

ಎಲ್ಲರಿಗೂ ನಮಸ್ಕಾರ, ಕೆಲಸ ಮುಗಿಯಿತು. ಮೊದಲು ಬಂದವರಿಗೆ ಬೇಡವೆಂದು ಹೇಳಿ, ಬೇರೆ ತಂತ್ರಜ್ಞರನ್ನು ಕರೆಸಿದೆ. ಅವರೂ ಮೊದಲು ಅಳತೆಯನ್ನೇ ಮಾಡಿದರು, ಅಂಕಿಗಳು ನನ್ನದಕ್ಕೆ ಹತ್ತಿರವೇ ಬಂದವು. ಕೀ ಪಿನ್ನುಗಳ ಮೇಲೆ ಕಪ್ಪು ಕಟ್ಟಿತ್ತು, ಉಜ್ಜಿದರು. ನಡು ಮತ್ತು ತಾರದಲ್ಲಿ ಬಿಗಿಯಾಗಿದ್ದ ಹ್ಯಾಮರು ಕೀಲುಗಳ ಪಿನ್ನು ಬದಲಿಸಿದರು. ಮಂದ್ರದ ಹ್ಯಾಮರುಗಳನ್ನು ಒಂದೊಂದಾಗಿ ತೂಗಿ, ಪಟ್ಟಿ ಬರೆದು, ಸುಮಾರು ಒಂದೊಂದು ಗ್ರಾಂ ಇಳಿಸಿದರು. ಡ್ಯಾಂಪರಿನ ಹೊತ್ತನ್ನೂ ಹೊಂದಿಸಿದರು. ಒಂದು ಕೀಗೂ ತೂತು ಕೊರೆದಿಲ್ಲ.

ಈಗಿನ ಅಳತೆ: ನಡುವಿನ ಸಿ 55 ಮತ್ತು 29. ಮಂದ್ರದ ಸಿ 56 ಮತ್ತು 31. ತಾರದ್ದು 51 ಮತ್ತು 25.

ಮಗಳು ನುಡಿಸಿ ನೋಡಿ, "ಅಪ್ಪಾ, ಮೆಲ್ಲಗೆ ನುಡಿಸಿದರೂ ಎಲ್ಲ ಸ್ವರ ಬರುತ್ತಿದೆ" ಎಂದಳು. ಒಂದು ಸಂಶಯ ಉಳಿದಿದೆ. ನಡುಭಾಗ 55 ಎಂದರೆ ಇನ್ನೂ ತುಸು ಹೆಚ್ಚೇ. ಬಿಡಲೇ, ಮುಂದುವರಿಸಲೇ?

ಏಳುಸ್ವರ

ಈಗ ಅಪ್‌ವೇಟ್ 29 ಇದೆ. ಒಂದು ಸಣ್ಣ ಬಿಲ್ಲೆ ಹಾಕಿ 4 ಗ್ರಾಂ ಇಳಿಸಿದರೂ 51 ಮತ್ತು 25 ಆಗುತ್ತದೆ. ಈ ಹಂತದಲ್ಲಿ ಸೀಸ ಹಾಕುವುದಕ್ಕೆ ಯಾರೂ ತಕರಾರು ಮಾಡಲಾರರು ಎಂದುಕೊಂಡಿದ್ದೇನೆ.

ಪಿನ್ನು_ಇಕ್ಕಳ

ಲೆಕ್ಕ ಸರಿಯಾಗಿದೆ, ಆದರೂ ನನ್ನ ಮಾತು: ಒಂದು ಮಳೆಗಾಲ ಕಳೆಯಲಿ. ಹೊಸ ಪಿನ್ನು ನುಡಿಸುತ್ತಾ ನುಡಿಸುತ್ತಾ ಪಳಗುತ್ತದೆ, ಘರ್ಷಣೆ ಇನ್ನೂ ಒಂದೆರಡು ಗ್ರಾಂ ತಾನಾಗಿ ಇಳಿಯಬಹುದು. ಅವಸರದಲ್ಲಿ ಕೊರೆದ ಮೇಲೆ ಆ ಬದಲಾವಣೆ ಬಂದರೆ ಏನು ಮಾಡುತ್ತೀರಿ? ಅಷ್ಟಕ್ಕೂ ಹಾಕಲೇಬೇಕಾದರೆ ನಡುಭಾಗದಲ್ಲಿ, ಆನಿಕೆಗೆ ಹತ್ತಿರ, ಜಡತ್ವ ಅವರು ಹೇಳಿದ ಹಾಗೆ.

ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ, ಮಕ್ಕಳ ಕೈಗೆ ಸಿಗದಂತೆ ಇಡಿ. ತೇವದ ಊರುಗಳಲ್ಲಿ ಹಳೆಯ ಸೀಸದ ಬಿಲ್ಲೆ ಬಿಳಿ ಪುಡಿ ಕಟ್ಟಿ ಊದಿ, ಕೀಯ ಮರವನ್ನೇ ಸೀಳುತ್ತದೆ, ಪಕ್ಕದ ಕೀಗೆ ಉಜ್ಜುತ್ತದೆ. ಕಡಲತಡಿ ಅವರ ಕಡೆ ಇದು ತೀರಾ ಸಾಮಾನ್ಯ.

ಪಾಠದಮನೆ

55 ಸಾಕು. ಐದನೇ ಗ್ರೇಡಿನ ಮಗುವಿಗೆ ಎಲ್ಲ ಕೀಯೂ ಒಂದೇ ಸಮ ಇರುವುದು ಎರಡು ಗ್ರಾಮಿಗಿಂತ ಮುಖ್ಯ. ಡಿಜಿಟಲ್ ಕೀಬೋರ್ಡನ್ನು ಪೂರ್ತಿ ಬಿಡಬೇಡಿ, ಪಿಯಾನೋದ ಹೊತ್ತನ್ನು ದಿನಾ ತುಸು ತುಸು ಹೆಚ್ಚಿಸಿ.

ಕಡಲತಡಿ

ಪಿನ್ನು ಸರ್, ನನ್ನ ಮಳೆಗಾಲದ ಪ್ರಶ್ನೆ ಉಳಿದುಬಿಟ್ಟಿತು. ನಮ್ಮಲ್ಲಿ ಪಿಯಾನೋದ ಕೆಳಗಡೆ ಸಣ್ಣ ಬಲ್ಬ್ ಉರಿಸಿಡುವ ರೂಢಿ ಇದೆ. ನಮ್ಮ ಅಜ್ಜನ ಕಾಲದಿಂದಲೂ ಹಾಗೆಯೇ. ಮುಂದುವರಿಸಬಹುದೇ?

ಪಿನ್ನು_ಇಕ್ಕಳ

ಬಲ್ಬಿನ ಹಿಂದಿನ ಯೋಚನೆ ಸರಿ, ವಿಧಾನ ಒರಟು. ಒಂದೇ ಜಾಗ ಕಾಯುತ್ತದೆ, ಮರ ಅಲ್ಲಿ ಮಾತ್ರ ಒಣಗುತ್ತದೆ, ಬಟ್ಟೆ ಅಥವಾ ಧೂಳು ತಗಲಿದರೆ ಬೆಂಕಿಯ ಭಯ. ಬೇಸಿಗೆಯಲ್ಲಿ ಆರಿಸಲು ಮರೆತರೆ ಬಿರುಕು. ಪಿಯಾನೋಗೆಂದೇ ಬರುವ ಹೀಟರ್ ಕಡ್ಡಿ ಇದೆ, ತೇವ ನೋಡಿ ತಾನಾಗಿ ಹತ್ತಿ ಆರುವ ಸ್ವಿಚ್ಚಿನ ಜೊತೆ. ಅದನ್ನು ಹಾಕಿಸಿ.

ಅದಕ್ಕೂ ಮೊದಲು ಒಂದು ತೇವಮಾಪಕ ತಂದು ಪಿಯಾನೋದ ಒಳಗಿಡಿ. 40ರಿಂದ 50 ಶೇಕಡಾ ಆಸುಪಾಸು ಇರುವಂತೆ ನೋಡಿಕೊಂಡರೆ ಉತ್ತಮ. ನಿಮ್ಮ ಊರಿನ ಜುಲೈಯಲ್ಲಿ ಅಷ್ಟಕ್ಕೆ ಇಳಿಸುವುದು ಕಷ್ಟ, ಅದಕ್ಕಿಂತ ಏರಿಳಿತ ಕಡಿಮೆ ಮಾಡುವುದನ್ನು ಗುರಿಯಾಗಿಟ್ಟುಕೊಳ್ಳಿ.

ಕಡಲತಡಿ

ಕಡ್ಡಿ ಹಾಕಿಸಿದ ಮೇಲೆ ಬಿಗಿಯಾದ ಕೀಗಳನ್ನು ಕೂಡಲೇ ಸಡಿಲಿಸಬೇಕೇ?

ಪಿನ್ನು_ಇಕ್ಕಳ

ಬೇಡ. ಮಳೆಗಾಲದಲ್ಲಿ ಊದಿದ ಬಟ್ಟೆಯನ್ನು ಇಕ್ಕಳದಿಂದ ಒತ್ತಿ ಸಡಿಲಿಸಿದರೆ ಮಾರ್ಚಿಯಲ್ಲಿ ಕೀಗಳು ಗಡಗಡ ಎನ್ನುತ್ತವೆ. ಮೊದಲು ಕಡ್ಡಿ ಹಾಕಿಸಿ ಕೆಲವು ವಾರ ಒಣಗಲು ಬಿಡಿ. ಆಮೇಲೂ ಮೇಲೆ ಬಾರದ ಕೀಗಳಿಗೆ ಸೀಮೆಸುಣ್ಣದ ಗುರುತು ಹಾಕಿ, ಅವುಗಳ ಪಿನ್ನಿನ ತುಕ್ಕನ್ನಷ್ಟೇ ಮೊದಲು ಉಜ್ಜಿಸಿ. ಕರಾವಳಿಯಲ್ಲಿ ಅರ್ಧಕ್ಕರ್ಧ ತೊಂದರೆ ಆ ತುಕ್ಕಿನದೇ ಇರುತ್ತದೆ.